ಮಗಳ ಫಿಟ್ಸ್ ನಾಲ್ಕು ಮಾತ್ರೆಗೂ ಬಗ್ಗಿಲ್ಲ, ಮೆದುಳಿನ ಆಪರೇಷನ್ ಅಂತಿದ್ದಾರೆ. ಅನುಭವ ಇರುವವರು ಹೇಳಿ

ಹಾಳೆಟೋಪಿ · ಭಾನುವಾರ ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಇಲ್ಲಿ ಅಡಿಕೆ ಕೊಳೆ, ಮಂಗನ ಕಾಟ ಅಂತ ಬರೆಯುತ್ತಿದ್ದವನು ನಾನು. ಇವತ್ತು ಬೇರೆ ವಿಷಯ.

ಮಗಳಿಗೆ 11 ವರ್ಷ. ನಾಲ್ಕನೇ ವರ್ಷದಿಂದ ಫಿಟ್ಸ್ ಇದೆ. ಹಗಲಲ್ಲಿ ಅಪರೂಪ, ನಿದ್ದೆ ಹತ್ತಿದ ಮೇಲೆ ಶುರು. ಎಡಗೈ ಬಿಗಿಯಾಗಿ ಮೇಲೆ ಏಳುತ್ತದೆ, ಬಾಯಿ ಎಡಕ್ಕೆ ಎಳೆಯುತ್ತದೆ. ಅರ್ಧ ನಿಮಿಷ ಅಷ್ಟೇ, ಮತ್ತೆ ನಿದ್ದೆ. ಒಂದು ರಾತ್ರಿಗೆ ಐದಾರು ಸಲ. ಕೆಲವು ಸಲ ಎಚ್ಚರ ಇರುತ್ತದೆ. ಆಗ ನನ್ನನ್ನೇ ನೋಡುತ್ತಿರುತ್ತಾಳೆ, ಮಾತು ಮಾತ್ರ ಬರುವುದಿಲ್ಲ. ಹೆಂಡತಿ ಅವಳ ಎಡಗೈಗೆ ಒಂದು ಡಜನ್ ಗಾಜಿನ ಬಳೆ ಹಾಕಿದ್ದಾಳೆ. ಬಳೆ ಮಂಚದ ಪಟ್ಟಿಗೆ ಬಡಿದ ಸದ್ದಿಗೆ ನಾವು ಏಳುತ್ತೇವೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಬಳೆ ಕೇಳಿಸುವುದಿಲ್ಲ. ಆಗ ಇಬ್ಬರೂ ಪಾಳಿ ಹಾಕಿಕೊಂಡು ಕೂರುತ್ತೇವೆ.

ಮೊದಲು ವಾಲ್‌ಪ್ರೊಯೇಟ್ ಕೊಟ್ಟರು. ಆಮೇಲೆ ಆಕ್ಸ್‌ಕಾರ್ಬಜೆಪಿನ್. ಅದಕ್ಕೆ ಲೆವೆಟಿರಾಸೆಟಮ್ ಸೇರಿತು, ಮಗು ಸುಮ್‌ಸುಮ್ನೆ ಸಿಟ್ಟು ಮಾಡತೊಡಗಿತು. ಈಗ ಕ್ಲೋಬಜಾಮ್ ಬೇರೆ, ಶಾಲೆಯಲ್ಲಿ ತೂಕಡಿಸುತ್ತಾಳೆ. ಐದನೇ ವರ್ಷದಲ್ಲಿ ಒಂದು ಕಡೆ ಎಂಆರ್‌ಐ ಮಾಡಿಸಿದ್ದೆವು. "ನಾರ್ಮಲ್" ಅಂತ ಬರೆದುಕೊಟ್ಟರು. ಆ ಒಂದು ಪದ ನಂಬಿಕೊಂಡು ಆರು ವರ್ಷ ಕೂತೆವು. ಹೋದ ತಿಂಗಳು ಬೆಂಗಳೂರಿನಲ್ಲಿ ಮತ್ತೆ ಮಾಡಿಸಿದರೆ, ಬಲಗಡೆ ಹಣೆಯ ಹಿಂದಿನ ಭಾಗದಲ್ಲಿ ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ ಇದೆ ಅಂದರು. ಹುಟ್ಟುವ ಮೊದಲೇ ಆದದ್ದಂತೆ. ವಿಡಿಯೋ ಇಇಜಿಗೆ (ಕ್ಯಾಮೆರಾ ಇಟ್ಟು ಮೆದುಳಿನ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಪರೀಕ್ಷೆಯಂತೆ) ಅಡ್ಮಿಟ್ ಆಗಿ, ಆಮೇಲೆ ಆಪರೇಷನ್ ಬಗ್ಗೆ ಮಾತಾಡೋಣ ಅಂದಿದ್ದಾರೆ.

ನನ್ನ ಅಮ್ಮ ಸುತರಾಂ ಒಪ್ಪುತ್ತಿಲ್ಲ. "ಬುರುಡೆ ಬಿಚ್ತಾರಂತೆ, ಹೆಣ್ಣು ಮಗು, ದೊಡ್ಡವಳಾದ್ರೆ ತನ್ನಷ್ಟಕ್ಕೆ ನಿಲ್ತದೆ" ಅಂತಾರೆ. ಚೌಡಿಗೆ ಹರಕೆ ಆಗಿದೆ. ಗ್ರಹಣದ ದಿನ ನನ್ನ ಹೆಂಡತಿ ಸೌತೆಕಾಯಿ ಹೆಚ್ಚಿದ್ದೇ ಇದಕ್ಕೆಲ್ಲ ಕಾರಣ ಅಂತ ಏಳು ವರ್ಷದಿಂದ ಕೇಳುತ್ತಿದ್ದಾಳೆ ಅವಳು, ಪಾಪ.

ಈ ಡಿಸ್‌ಪ್ಲೇಸಿಯಾ ಅಂದರೆ ಎಂತ? ಆಪರೇಷನ್ ಆದರೆ ಎಡಗೈ ಹೋಗುತ್ತದಾ? ದುಡ್ಡು ಎಷ್ಟು? ಗೊತ್ತಿರುವವರು ದಯವಿಟ್ಟು ಹೇಳಿ.


ಬಚ್ಚಲೊಲೆ · ಭಾನುವಾರ ರಾತ್ರಿ 11.15

ಅಣ್ಣ, ಓದಿ ಸಂಕಟ ಆಯಿತು. ನನ್ನ ತಮ್ಮನಿಗೂ ಫಿಟ್ಸ್ ಇದೆ, ಆದರೆ ಸ್ನಾನ ಮಾಡುವಾಗ ಮಾತ್ರ. ಹಂಡೆಯ ಬಿಸಿನೀರು ತಲೆಗೆ ಹೊಯ್ದುಕೊಳ್ಳುವಾಗಲೇ ಬರುತ್ತದೆ. ಅವನಿಗೂ ಆಪರೇಷನ್ ಬೇಕಾಗಬಹುದಾ? ನಿಮ್ಮ ಪೋಸ್ಟ್‌ನಲ್ಲೇ ಕೇಳಿದ್ದಕ್ಕೆ ಬೇಜಾರಾಗಬೇಡಿ.


ಪೇಸ್ಟ್ ಹಚ್ಚುವವಳು · ಸೋಮವಾರ ಬೆಳಿಗ್ಗೆ 7.05

ನಾನು ಸಾಗರದವಳು, ಬೆಂಗಳೂರಿನಲ್ಲಿ ಇಇಜಿ ಟೆಕ್ನಿಷಿಯನ್. ಡ್ಯೂಟಿಗೆ ಹೋಗುವ ಮುಂಚೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಡಾಕ್ಟರು ಯಾರಾದರೂ ತಿದ್ದಿ.

ಮೊದಲು ಆ "ನಾರ್ಮಲ್" ವಿಷಯ. ಅದರ ಬಗ್ಗೆ ಈಗ ಕೊರಗಬೇಡಿ. ಡಿಸ್‌ಪ್ಲೇಸಿಯಾ ಎಷ್ಟೋ ಸಲ ಮೆದುಳಿನ ಮೇಲಿನ ಒಂದು ಸುಕ್ಕಿನ ತಳದಲ್ಲಿ ಅಡಗಿರುತ್ತದೆ. ಮಾಮೂಲಿ ಎಂಆರ್‌ಐನಲ್ಲಿ ದಪ್ಪ ದಪ್ಪ ಹೋಳಾಗಿ ಚಿತ್ರ ತೆಗೆದು, ಹೋಳಿನ ನಡುವೆ ಸಂದು ಬಿಡುತ್ತಾರೆ. ಗೆಡ್ಡೆ, ರಕ್ತಸ್ರಾವ ನೋಡುವುದಕ್ಕೆ ಅದು ಸಾಕು. ಫಿಟ್ಸ್‌ಗೆ ಅಂತಲೇ ಬೇರೆ ಪ್ರೋಟೋಕಾಲ್ ಇದೆ. 3 ಟೆಸ್ಲಾ ಅನ್ನುವ ಹೆಚ್ಚು ಶಕ್ತಿಯ ಯಂತ್ರದಲ್ಲಿ ಒಂದು ಮಿಲಿಮೀಟರ್ ಹೋಳು, ಸಂದು ಬಿಡದೆ. ಅದನ್ನು ಫಿಟ್ಸ್ ಎಲ್ಲಿಂದ ಬರುತ್ತಿರಬಹುದು ಅಂತ ಗೊತ್ತಿರುವ ಕಣ್ಣು ನೋಡಬೇಕು. ಅದಕ್ಕೇ ಹಳೇ ಫಿಲಂ ಇದ್ದರೂ ಎಸೆಯಬೇಡಿ, ಸಿಡಿ ಸಮೇತ ತನ್ನಿ. ಎಷ್ಟೋ ಸಲ ಹಳೇ ಸಿಡಿಯಲ್ಲೇ ಇದ್ದದ್ದು ಆಮೇಲೆ ಕಣ್ಣಿಗೆ ಬೀಳುತ್ತದೆ.

ಇನ್ನು ವಿಡಿಯೋ ಇಇಜಿ. ಇದು ಆಪರೇಷನ್ ಅಲ್ಲ. ಅಡ್ಮಿಟ್ ಆದ ಮಾತ್ರಕ್ಕೆ ಆಪರೇಷನ್‌ಗೆ ಒಪ್ಪಿದ ಹಾಗೂ ಅಲ್ಲ. ಇದನ್ನು ಅಜ್ಜಿಗೆ ಮೊದಲು ಹೇಳಿ. ತಲೆಯ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಚಿಕ್ಕ ಬಿಲ್ಲೆ ಅಂಟಿಸುತ್ತೇವೆ, ಎದುರಿಗೆ ಕ್ಯಾಮೆರಾ. ಮಗು ಮಂಚದ ಮೇಲೆ ಆಡಿಕೊಂಡು, ನಿದ್ದೆ ಮಾಡಿಕೊಂಡು ಇರಬೇಕು. ಫಿಟ್ಸ್ ಬರಲಿ ಅಂತಲೇ ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತಾರೆ. ಇದು ಕೇಳಿ ಎಲ್ಲ ತಾಯಂದಿರೂ ಹೆದರುತ್ತಾರೆ. ಹತ್ತಿರ ನರ್ಸ್ ಇರುತ್ತಾರೆ, ಕೈಗೆ ಸೂಜಿ ಹಾಕಿಟ್ಟಿರುತ್ತಾರೆ, ಜಾಸ್ತಿ ಆದರೆ ನಿಲ್ಲಿಸುವ ಔಷಧಿ ಕೈಗೆಟಕುವಷ್ಟು ದೂರದಲ್ಲೇ ಇರುತ್ತದೆ. ಮನೆಯಲ್ಲಿ ಮಾತ್ರ ಹೀಗೆ ಮಾಡಬೇಡಿ. ಮಾತ್ರೆ ದಿಢೀರ್ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಬರುವ ಹಿಂದಿನ ದಿನ ಶ್ಯಾಂಪೂ ಹಾಕಿ ತಲೆ ತೊಳೆಸಿ. ದಯವಿಟ್ಟು ಎಣ್ಣೆ ಬೇಡ. ನಮ್ಮ ಕಡೆಯ ಮಕ್ಕಳ ತಲೆಯ ಕೊಬ್ಬರಿ ಎಣ್ಣೆ ತೆಗೆಯುವುದೇ ನನಗೆ ಅರ್ಧ ಗಂಟೆ ಕೆಲಸ. ಕೂದಲು ಬೋಳಿಸುವುದಿಲ್ಲ. ಮುಂದೆ ಗುಂಡಿ ಇರುವ ಅಂಗಿ ತನ್ನಿ, ತಲೆಯ ಮೇಲಿಂದ ಬಟ್ಟೆ ತೆಗೆಯಲು ಆಗುವುದಿಲ್ಲ. ಮನೆಯಲ್ಲಿ ಬಂದ ಫಿಟ್ಸ್ ಮೊಬೈಲಿನಲ್ಲಿ ತೆಗೆದಿಟ್ಟಿದ್ದರೆ ಅದೂ ಇರಲಿ. ಶುರುವಿನ ಐದು ಸೆಕೆಂಡ್ ಮುಖ್ಯ. ಮೊದಲು ಕೈಯೋ, ಬಾಯೋ, ಕಣ್ಣೋ ಅನ್ನುವುದರ ಮೇಲೆ ಜಾಗ ಗೊತ್ತಾಗುತ್ತದೆ.


ಕಾಡುದಾರಿ · ಸೋಮವಾರ ಬೆಳಿಗ್ಗೆ 9.30

ನಮ್ಮ ಕಡೆ ಒಬ್ಬರು ಬೇರು ಕೊಡುತ್ತಾರೆ. 48 ದಿನ ಪಥ್ಯ, ಇಂಗ್ಲಿಷ್ ಮಾತ್ರೆ ಪೂರ್ತಿ ಬಿಡಬೇಕು. ಒಂದು ಸಲ ನೋಡಬಹುದಲ್ವಾ, ತಲೆಗೆ ಕತ್ತಿ ಹಾಕಿಸುವ ಮೊದಲು?


ಹಳೇ ಸ್ಟೆತ್ · ಸೋಮವಾರ ಮಧ್ಯಾಹ್ನ 2.20

ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರಾಗಿದ್ದೆ, ಈಗ ನಿವೃತ್ತ. ನಾನು ನರರೋಗ ತಜ್ಞ ಅಲ್ಲ, ಆದರೆ ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ.

ಕಾಡುದಾರಿಯವರೇ, ಇಂಗ್ಲಿಷ್ ಮಾತ್ರೆ ಪೂರ್ತಿ ಬಿಡಿ ಅನ್ನುವ ಯಾರ ಹತ್ತಿರವೂ ಈ ಮಗುವನ್ನು ಕಳಿಸಬೇಡಿ. ನಿಲ್ಲದ ಫಿಟ್ಸ್‌ನಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಇಷ್ಟೇ ಹೇಳುತ್ತೇನೆ.

ಬಚ್ಚಲೊಲೆಯವರಿಗೆ: ನಿಮ್ಮ ತಮ್ಮನದು ಬಹುಶಃ ಬಿಸಿನೀರಿನ ಅಪಸ್ಮಾರ. ಇಡೀ ಜಗತ್ತಿನಲ್ಲಿ ನಮ್ಮ ದಕ್ಷಿಣ ಕರ್ನಾಟಕದಿಂದಲೇ ಇದು ಹೆಚ್ಚು ವರದಿಯಾಗಿದೆ. ಹಂಡೆ ತುಂಬ ಕುದಿಸಿ, ತಂಬಿಗೆ ಮೇಲೆ ತಂಬಿಗೆ ತಲೆಗೆ ಹೊಯ್ಯುವ ನಮ್ಮ ಅಭ್ಯಾಸ ಅದಕ್ಕೆ ಒಂದು ಕಾರಣ. ನೀರು ಉಗುರುಬೆಚ್ಚಗೆ ಮಾಡಿ, ಮೈಗೆ ಮೊದಲು ಹಾಕಿ, ಬಚ್ಚಲ ಬಾಗಿಲಿಗೆ ಚಿಲಕ ಬೇಡ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಒಂದು ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಆಪರೇಷನ್ ಮಾತೇ ಬರುವುದಿಲ್ಲ. ನರರೋಗ ತಜ್ಞರಿಗೆ ಒಮ್ಮೆ ತೋರಿಸಿ.

ಈಗ ಹಾಳೆಟೋಪಿಯವರ ಪ್ರಶ್ನೆ. ಗದ್ದೆ ನಾಟಿ ನೋಡಿದ್ದೀರಲ್ಲ. ಸಸಿಮಡಿಯಲ್ಲಿ ಅಗೆ ಹುಟ್ಟುತ್ತದೆ, ಅಲ್ಲಿಂದ ಕಿತ್ತು ತಂದು ಗದ್ದೆಯಲ್ಲಿ ಸಾಲು ಸಾಲಾಗಿ ನೆಡುತ್ತೀರಿ. ಹೊಟ್ಟೆಯಲ್ಲಿ ಮಗುವಿನ ಮೆದುಳು ಬೆಳೆಯುವುದೂ ಹೆಚ್ಚು ಕಡಿಮೆ ಹೀಗೇ. ನರಕೋಶಗಳು ಒಳಗೆ, ನೀರಿನ ಕೋಣೆಗಳ ಅಂಚಿನಲ್ಲಿ ಹುಟ್ಟುತ್ತವೆ. ಅಲ್ಲಿಂದ ಹೊರಗಿನ ಸಿಪ್ಪೆಯವರೆಗೆ ನಡೆದು ಬಂದು ಆರು ಪದರವಾಗಿ ಕೂರುತ್ತವೆ. ಎಲ್ಲೋ ಒಂದು ಮೂಲೆಯಲ್ಲಿ ನಾಟಿ ಕೆಟ್ಟರೆ, ಸಾಲು ಕಲಸಿಹೋಗಿ, ಅಗೆಯೇ ವಿಕಾರವಾಗಿ ಬೆಳೆದರೆ, ಅದು ಡಿಸ್‌ಪ್ಲೇಸಿಯಾ. 1971ರಲ್ಲಿ ಇಂಗ್ಲೆಂಡಿನಲ್ಲಿ ಟೇಲರ್ ಮತ್ತು ಜೊತೆಗಾರರು ಫಿಟ್ಸ್‌ಗೆ ಅಂತ ಕತ್ತರಿಸಿ ತೆಗೆದ ಮೆದುಳಿನ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದರು. ದೈತ್ಯ ಗಾತ್ರದ ನರಕೋಶಗಳು, ಕೆಲವದರಲ್ಲಿ ಬಲೂನಿನಂತೆ ಊದಿದ ಕೋಶಗಳು. ಈಗ ಇದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ನಿದ್ದೆಯಲ್ಲಿ ಗುಂಪುಗುಂಪಾಗಿ ಬರುವ, ಕೈ ಬಿಗಿಯುವ ಫಿಟ್ಸ್ ಎರಡನೇ ಬಗೆಯಲ್ಲಿ ಚೆನ್ನಾಗಿ ಗೊತ್ತಿರುವ ಚಿತ್ರ.

ಕಾರಣ? ಎರಡನೇ ಬಗೆಯಲ್ಲಿ, ಭ್ರೂಣ ಬೆಳೆಯುವಾಗ ಯಾವುದೋ ಒಂದು ಕೋಶದ ಜೀನ್‌ನಲ್ಲಿ ಬದಲಾವಣೆ ಆಗಿ, ಅದರ ಸಂತತಿಯ ಕೋಶಗಳಷ್ಟೇ ಕೆಡುವುದು ಎಷ್ಟೋ ಮಕ್ಕಳಲ್ಲಿ ಕಂಡಿದೆ. ಅದಕ್ಕೇ ಮೆದುಳಿನ ಒಂದು ತುಣುಕಿನಲ್ಲಿ ಮಾತ್ರ ಇರುತ್ತದೆ. ಗ್ರಹಣ, ಸೌತೆಕಾಯಿ, ಕತ್ತಿ ಯಾವುದಕ್ಕೂ ಸಂಬಂಧ ಇಲ್ಲ. ಈ ಸಾಲನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ. ಅದಕ್ಕಿಂತ ಮೊದಲು ನಿಮ್ಮ ಹೆಂಡತಿಗೆ ಓದಿ ಹೇಳಿ.

"ದೊಡ್ಡವಳಾದರೆ ನಿಲ್ಲುತ್ತದೆ" ಅನ್ನುವ ಮಾತು ಬೇರೆ ಕೆಲವು ಬಗೆಯ ಫಿಟ್ಸ್‌ಗೆ ನಿಜ. ಇದಕ್ಕೆ ಆ ಭರವಸೆ ಇಟ್ಟುಕೊಳ್ಳಬೇಡಿ. 2000ನೇ ಇಸವಿಯಲ್ಲಿ ಕ್ವಾನ್ ಮತ್ತು ಬ್ರೋಡಿ ಅನ್ನುವವರು ಹೊಸದಾಗಿ ಔಷಧಿ ಶುರು ಮಾಡಿದ 470 ಜನರ ಲೆಕ್ಕ ಕೊಟ್ಟರು. ಮೊದಲ ಔಷಧಿಗೆ 100ಕ್ಕೆ 47 ಜನರ ಫಿಟ್ಸ್ ನಿಂತಿತು. ಎರಡನೆಯದಕ್ಕೆ ಇನ್ನು 13. ಮೂರನೆಯದಕ್ಕೋ, ಹಲವು ಸೇರಿಸಿದ್ದಕ್ಕೋ ಬರೀ 4. ಅದಕ್ಕೇ ಅಂತರರಾಷ್ಟ್ರೀಯ ಅಪಸ್ಮಾರ ಸಂಘ 2010ರಲ್ಲಿ ಒಂದು ಗೆರೆ ಎಳೆಯಿತು: ಸರಿಯಾಗಿ ಆರಿಸಿ ಸರಿಯಾಗಿ ಕೊಟ್ಟ ಎರಡು ಔಷಧಿ ಸೋತರೆ ಅದು ಔಷಧಿಗೆ ಬಗ್ಗದ ಅಪಸ್ಮಾರ. ಆಗಲೇ ದೊಡ್ಡ ಕೇಂದ್ರಕ್ಕೆ ಕಳಿಸಬೇಕು. ನಿಮ್ಮ ಮಗಳು ಈ ಗೆರೆ ಎಂದೋ ದಾಟಿದ್ದಾಳೆ. ಹೇಳಲು ಬೇಜಾರು, ನಾನೂ ನನ್ನ ಕಾಲದಲ್ಲಿ "ಇನ್ನೊಂದು ಮಾತ್ರೆ ನೋಡೋಣ" ಅಂತ ವರ್ಷ ಕಳೆದಿದ್ದೇನೆ.


ಬೋರ್ಡೋ · ಸೋಮವಾರ ಸಂಜೆ 6.50

ಎಲ್ಲರೂ ಮಾಡಿಸಿ ಮಾಡಿಸಿ ಅಂತೀರಿ. ಇನ್ನೊಂದು ಕಡೆಯದ್ದೂ ಕೇಳಿ.

ನನ್ನ ಅಕ್ಕನ ಮಗನಿಗೆ 16ನೇ ವರ್ಷದಲ್ಲಿ ಆಪರೇಷನ್ ಆಯಿತು. ಎಲ್ಲಿ ಅಂತ ಬರೆಯುವುದಿಲ್ಲ. ಅವನ ಎಂಆರ್‌ಐನಲ್ಲಿ ಕೊನೆಗೂ ಏನೂ ಕಾಣಲಿಲ್ಲ. ಬುರುಡೆಗೆ ಸಣ್ಣ ಸಣ್ಣ ತೂತು ಮಾಡಿ ಒಳಗೆ ತಂತಿ ಇಳಿಸಿ ಒಂದು ವಾರ ರೆಕಾರ್ಡ್ ಮಾಡಿದರು. ಸ್ಟೀರಿಯೋ ಇಇಜಿ ಅಂತಾರೆ. ಜಾಗ ಸಿಕ್ಕಿತು, ಆದರೆ ಮಾತಿನ ಭಾಗಕ್ಕೆ ತಾಗಿಕೊಂಡಿತ್ತು. ಅಷ್ಟೂ ತೆಗೆಯಲು ಆಗಲಿಲ್ಲ. ಎಂಟು ತಿಂಗಳು ಫಿಟ್ಸ್ ಇರಲಿಲ್ಲ. ಒಂಬತ್ತನೇ ತಿಂಗಳು, ದೀಪಾವಳಿ ಅಭ್ಯಂಜನದ ದಿನ, ಮತ್ತೆ ಬಂತು. ಅಕ್ಕ ಅವತ್ತು ಅಡುಗೆ ಮನೆಯಲ್ಲಿ ಕೂತು ಅತ್ತಿದ್ದು ನನಗೆ ಮರೆಯುವುದಿಲ್ಲ.

ನಿಜ ಹೇಳಬೇಕು ಅಂದರೆ, ಮುಂಚೆ ದಿನಕ್ಕೆ ಐದು ಬರುತ್ತಿತ್ತು, ಈಗ ಎರಡು ತಿಂಗಳಿಗೊಂದು. ಅವನೇ "ಮಾಮ, ಮತ್ತೆ ಕೇಳಿದ್ರೂ ಮಾಡಿಸ್ಕೋತೀನಿ" ಅಂತಾನೆ. ಆದರೆ ನಮಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೋ, ನಾವು ಕೇಳಿಸಿಕೊಳ್ಳಲಿಲ್ಲವೋ. ನೀವು ಒಂದೇ ಒಂದು ಪ್ರಶ್ನೆ ಬರೆದುಕೊಂಡು ಹೋಗಿ: ಪುಸ್ತಕದ ಲೆಕ್ಕ ಬೇಡ, ನನ್ನ ಮಗಳ ಫಿಟ್ಸ್ ನಿಲ್ಲುವ ಸಾಧ್ಯತೆ 100ಕ್ಕೆ ಎಷ್ಟು? ಪೂರ್ತಿ ತೆಗೆಯಲು ಆಗುತ್ತದಾ ಇಲ್ಲವಾ?


ಹಳೇ ಸ್ಟೆತ್ · ಸೋಮವಾರ ರಾತ್ರಿ 8.10

ಬೋರ್ಡೋ ಬರೆದದ್ದು ನನ್ನ ಉದ್ದದ ಭಾಷಣಕ್ಕಿಂತ ಉಪಯೋಗದ್ದು. ಫಲ ನಿರ್ಧಾರ ಆಗುವುದೇ ಅಲ್ಲಿ. ಎಂಆರ್‌ಐನಲ್ಲಿ ಕಾಣಬೇಕು, ಇಇಜಿಯೂ ಅದೇ ಜಾಗ ತೋರಿಸಬೇಕು, ಪೂರ್ತಿ ತೆಗೆಯಲು ಬರಬೇಕು. ಮೂರೂ ಕೂಡಿದರೆ ಒಳ್ಳೇದು. ಎರಡನೇ ಬಗೆಯಲ್ಲಿ ಇದು ಹೆಚ್ಚು ಸಲ ಕೂಡಿಬರುತ್ತದೆ. ಮೊದಲನೇ ಬಗೆ ಮಸುಕು ಮಸುಕು, ಅಂಚು ಸಿಗುವುದಿಲ್ಲ.

ಮಕ್ಕಳ ಬಗ್ಗೆ ನಮ್ಮ ದೇಶದ್ದೇ ಲೆಕ್ಕ ಇದೆ. ದೆಹಲಿಯ ಏಮ್ಸ್‌ನವರು ಔಷಧಿಗೆ ಬಗ್ಗದ ಅಪಸ್ಮಾರ ಇದ್ದ 116 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 57 ಮಕ್ಕಳಿಗೆ ಬೇಗ ಆಪರೇಷನ್. ಉಳಿದ 59 ಮಕ್ಕಳು ಸರದಿಯಲ್ಲಿ ಕಾಯುತ್ತ ಔಷಧಿಯಲ್ಲೇ ಇದ್ದರು. ಒಂದು ವರ್ಷದ ನಂತರ ಫಿಟ್ಸ್ ಇಲ್ಲದೆ ಇದ್ದವರು ಆಪರೇಷನ್ ಗುಂಪಿನಲ್ಲಿ 44, ಔಷಧಿ ಗುಂಪಿನಲ್ಲಿ 4. 2017ರಲ್ಲಿ ಇದು ಪ್ರಕಟವಾಯಿತು. ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಆಪರೇಷನ್ ಆದವರಲ್ಲಿ 19 ಮಕ್ಕಳಿಗೆ ಗಂಭೀರ ತೊಂದರೆ ಆಯಿತು. ಅದರಲ್ಲಿ ಬಹಳಷ್ಟು, ಒಂದು ಪಕ್ಕ ಬಲ ಕುಂದುವುದು. ಅರ್ಧ ಮೆದುಳಿನ ಸಂಪರ್ಕ ಕಡಿಯುವಂಥ ದೊಡ್ಡ ಆಪರೇಷನ್‌ನಲ್ಲಿ ಆಗೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದದ್ದು. ಎರಡೂ ಅಂಕಿ ಒಟ್ಟಿಗೆ ಓದಬೇಕು.


ಹಾಳೆಟೋಪಿ · ಸೋಮವಾರ ರಾತ್ರಿ 9.45

ಅರ್ಧ ಮೆದುಳಾ? ಡಾಕ್ಟ್ರೇ, ನಮಗೆ ಹಾಗೇನೂ ಹೇಳಿಲ್ಲ. ಓದಿ ಕೈ ನಡುಗುತ್ತಿದೆ.


ಪೇಸ್ಟ್ ಹಚ್ಚುವವಳು · ಸೋಮವಾರ ರಾತ್ರಿ 9.58

ಅಣ್ಣ, ನಿಮ್ಮದು ಅದಲ್ಲ. ನಿಮ್ಮ ಮಗಳದು ಒಂದು ಚಿಕ್ಕ ತುಣುಕು.


ಕೊಪ್ಪದ ಅಮ್ಮ · ಸೋಮವಾರ ರಾತ್ರಿ 11.30

ಆ ಅರ್ಧ ಮೆದುಳಿನದು ನನ್ನ ಮಗ. ಹೆದರಬೇಡಿ ಅಂತ ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಅವನಿಗೆ ಹೆಮಿಮೆಗಲೆನ್‌ಸೆಫಲಿ. ಎಡಗಡೆ ಮೆದುಳು ಪೂರ್ತಿ ಊದಿಕೊಂಡು, ಕೆಟ್ಟು ಬೆಳೆದಿತ್ತು. ಹುಟ್ಟಿದ ಮೂರನೇ ದಿನಕ್ಕೇ ಫಿಟ್ಸ್. ದಿನಕ್ಕೆ ಐವತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಹಾಲು ಕುಡಿಯುತ್ತ ಕುಡಿಯುತ್ತ ಬರುತ್ತಿತ್ತು. 14 ತಿಂಗಳಿಗೆ ಹೆಮಿಸ್ಫೆರೋಟಮಿ ಮಾಡಿದರು. ಮೆದುಳನ್ನು ತೆಗೆದು ಹಾಕುವುದಿಲ್ಲ, ಆ ಕಡೆಯ ಸಂಪರ್ಕ ಕಡಿಯುತ್ತಾರೆ. ಕರೆಂಟಿನ ಫ್ಯೂಸ್ ಕಿತ್ತ ಹಾಗೆ ಅಂತ ಸರ್ಜನ್ ಹೇಳಿದ್ದರು.

ಈಗ ಏಳು ವರ್ಷ. ಬಲಗಾಲಿಗೆ ಸ್ಪ್ಲಿಂಟ್ ಹಾಕಿ ನಡೆಯುತ್ತಾನೆ, ಓಡುತ್ತಾನೆ. ಬಲಗೈ ಬೆರಳು ಆಡುವುದಿಲ್ಲ, ತಟ್ಟೆ ಒತ್ತಿ ಹಿಡಿಯಲಿಕ್ಕೆ ಮಾತ್ರ ಆಗುತ್ತದೆ. ಬಲಗಡೆಯಿಂದ ಬರುವ ದನ, ಬೈಕು ಕಾಣುವುದಿಲ್ಲ, ಕತ್ತು ತಿರುಗಿಸಿ ನೋಡು ಅಂತ ಕಲಿಸಿದ್ದೇವೆ. ಮಾತು ತಡವಾಗಿ ಬಂತು, ಆದರೆ ಬಂತು. ಅಷ್ಟು ಚಿಕ್ಕವರಲ್ಲಿ ಇನ್ನೊಂದು ಕಡೆಯ ಮೆದುಳು ಮಾತು ಕಲಿತುಕೊಳ್ಳುತ್ತದಂತೆ. ಈಗ ಜಾಸ್ತಿಯೇ ಮಾತಾಡುತ್ತಾನೆ, ಬಾಯಿ ಮುಚ್ಚಿಸಲು ಆಗುವುದಿಲ್ಲ. ಆಪರೇಷನ್ ಆದ ರಾತ್ರಿಯಿಂದ ಒಂದು ಫಿಟ್ಸ್ ಬಂದಿಲ್ಲ.

ಊರಲ್ಲಿ ಈಗಲೂ "ಆ ಮೆದುಳಿಲ್ಲದ ಹುಡುಗ" ಅಂತಾರೆ. ಅವನೇ ಮಗ್ಗಿ ಹದಿಮೂರರವರೆಗೆ ಹೇಳಿ ತೋರಿಸುತ್ತಾನೆ.


ಬಾವಿಕಟ್ಟೆ · ಮಂಗಳವಾರ ಬೆಳಿಗ್ಗೆ 10.15

ಹೊಸನಗರ ಕಡೆಯವಳು. 27 ವರ್ಷ. 21ಕ್ಕೆ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನನ್ನದೂ ಡಿಸ್‌ಪ್ಲೇಸಿಯಾ, ಬಲಗಡೆ ಕಿವಿಯ ಮೇಲಿನ ಭಾಗ. ಮಕ್ಕಳ ತಂದೆ ತಾಯಿಯೇ ಬರೆಯುತ್ತಿದ್ದೀರಿ, ಮಗುವಿನ ಕಡೆಯಿಂದ ನಾನು ಹೇಳುತ್ತೇನೆ.

ಹೊಟ್ಟೆಯಿಂದ ಎಂತದೋ ಮೇಲೆ ಎದ್ದು ಬಂದ ಹಾಗೆ ಆಗುತ್ತಿತ್ತು. ಆಮೇಲೆ ಗೊತ್ತಿಲ್ಲ. ಎಚ್ಚರವಾದಾಗ ಸುತ್ತ ಜನ, ಕೈಯಲ್ಲಿ ಅಜ್ಜಿಯ ಅಡಕತ್ತರಿ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ. ಫಿಟ್ಸ್ ಹೇಗಿದ್ದರೂ ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಹೆಸರು ಅಡಕತ್ತರಿಗೆ. ಒಂದು ಸಲ ಅದೇ ಅಡಕತ್ತರಿಯಲ್ಲಿ ನನ್ನ ಹೆಬ್ಬೆರಳು ಕೊಯ್ದು ಹೋಗಿತ್ತು. ಕೈಗೆ, ಬಾಯಿಗೆ ಏನೂ ಹಾಕಬೇಡಿ ಮಾರಾಯ್ರೆ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಸ್ಕೂಲಲ್ಲಿ ಪಿ.ಟಿ. ಇಲ್ಲ, ಪ್ರವಾಸ ಇಲ್ಲ. ಮನೆಯಲ್ಲಿ ಒಲೆ ಮುಟ್ಟಬೇಡ, ಬಾವಿಕಟ್ಟೆ ಹತ್ತಬೇಡ. ಹೆಣ್ಣು ನೋಡಲು ಬಂದವರಿಗೆ ಮುಚ್ಚಿಡೋಣ ಅಂತ ಚಿಕ್ಕಪ್ಪ. ಮುಂಚೆ ಹಿಂದೂ ವಿವಾಹ ಕಾಯ್ದೆಯಲ್ಲೇ ಅಪಸ್ಮಾರದವರ ಮದುವೆಗೆ ಅಡ್ಡಿ ಇತ್ತಂತೆ. 1999ರಲ್ಲಿ ತಿದ್ದುಪಡಿ ಮಾಡಿ ಆ ಪದ ಕಿತ್ತು ಹಾಕಿದರು. ನಮ್ಮ ಚಿಕ್ಕಪ್ಪನ ತಲೆಯಿಂದ ಇನ್ನೂ ಕಿತ್ತಿಲ್ಲ.

ಆಪರೇಷನ್‌ಗೆ ಮುಂಚೆ ಎರಡು ದಿನ ಬರೀ ಪರೀಕ್ಷೆ. ಚಿತ್ರ ನೋಡಿ ಹೆಸರು ಹೇಳು, ಕಥೆ ಕೇಳಿ ಅರ್ಧ ಗಂಟೆ ಬಿಟ್ಟು ಹೇಳು, ಹೀಗೆಲ್ಲ. ತೆಗೆಯುವ ಜಾಗದಲ್ಲಿ ಎಷ್ಟು ನೆನಪು, ಎಷ್ಟು ಮಾತು ಇದೆ ಅಂತ ಅಳೆಯುವುದು. ಆದ ಮೇಲೆ ಬಲಗಣ್ಣು ನಾಲ್ಕು ದಿನ ಊದಿ ಮುಚ್ಚಿಕೊಂಡಿತ್ತು. ಅನ್ನ ಅಗಿಯಲು ದವಡೆ ನೋವು, ಮೂರು ವಾರ ಗಂಜಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಕೂದಲು ಒಂದು ಪಟ್ಟಿ ಮಾತ್ರ ತೆಗೆದಿದ್ದರು. ಗಾಯ ಪ್ರಶ್ನಾರ್ಥಕ ಚಿಹ್ನೆ ಥರ ಇದೆ, ಜಡೆ ಹಾಕಿದರೆ ಕಾಣುವುದಿಲ್ಲ.

ಆಪರೇಷನ್ ಆದ ತಕ್ಷಣ ಮಾತ್ರೆ ನಿಲ್ಲುತ್ತದೆ ಅಂದುಕೊಂಡಿದ್ದೆ. ಇಲ್ಲ. ಎರಡು ವರ್ಷ ಕಳೆದ ಮೇಲೆ ಒಂದೊಂದಾಗಿ ಇಳಿಸಿದರು. ಈಗಲೂ ಒಂದು ಇದೆ. ಇರಲಿ ಬಿಡಿ. ಸ್ಕೂಟಿ ಲೈಸೆನ್ಸ್ ಅರ್ಜಿಯಲ್ಲಿ ಫಿಟ್ಸ್ ಇದೆಯಾ ಅಂತ ಕೇಳುತ್ತಾರೆ, ಸುಳ್ಳು ಬರೆಯಲು ಮನಸ್ಸಿಲ್ಲ, ಹಾಗಾಗಿ ಇನ್ನೂ ಬಸ್ಸೇ ಗತಿ. ಆದರೆ ನಮ್ಮ ಮನೆಯ ಬಾವಿಯಿಂದ ನೀರು ಸೇದುವುದು ಈಗ ನಾನೇ. ಮೊದಲ ದಿನ ಅಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದುಕೊಂಡೇ ನಿಂತಿದ್ದಳು.


ಟೌನ್ ಸ್ಟೇಷನ್ · ಮಂಗಳವಾರ ಮಧ್ಯಾಹ್ನ 1.05

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಣ್ಣನ ಮಗನಿಗಾಗಿ ಓಡಾಡಿದ ಅನುಭವ ಹೇಳುತ್ತೇನೆ.

ಮೊದಲು ರೇಷನ್ ಕಾರ್ಡ್ ಯಾವುದು ನೋಡಿ. ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 100ಕ್ಕೆ 30 ಮಾತ್ರ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಜಿಲ್ಲೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಬರೆಸಿಕೊಳ್ಳುವುದು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸಕ್ಕೆ ಸಹಾಯ ಮಾಡುವ ಆರೋಗ್ಯಮಿತ್ರ ಇರುತ್ತಾರೆ. ನಿಮಗೆ ಹೇಳಿರುವ ಆಪರೇಷನ್‌ನ ಹೆಸರು ಹೇಳಿ, ಪಟ್ಟಿಯಲ್ಲಿ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಕಾರ್ಡ್ ಇದ್ದವರಿಗೆ ರಿಯಾಯಿತಿ ಇದೆ, ಆದರೆ ಸರದಿ ಉದ್ದ. ಜೆರಾಕ್ಸ್ ಹತ್ತು ಸೆಟ್ ಮಾಡಿಸಿಕೊಳ್ಳಿ. ಒಂದು ಕಡೆ ಆಧಾರ್‌ನಲ್ಲಿ ಒಂದು ಅಕ್ಷರ ಬೇರೆ ಇದೆ ಅಂತ ನಮ್ಮನ್ನು ಮೂರು ದಿನ ಓಡಾಡಿಸಿದರು.

ತಾಳಗುಪ್ಪದ ರಾತ್ರಿ ರೈಲಿನಲ್ಲಿ ಹೋಗುವುದಾದರೆ ಮಗುವಿಗೆ ಕೆಳಗಿನ ಬರ್ತ್ ತೆಗೆದುಕೊಳ್ಳಿ. ಫಿಟ್ಸ್ ಬರುವ ಮಗುವನ್ನು ಮೇಲಿನ ಬರ್ತ್‌ನಲ್ಲಿ ಮಲಗಿಸಬೇಡಿ.


ಹಾಳೆಟೋಪಿ · ಮಂಗಳವಾರ ರಾತ್ರಿ 10.20

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹೆಂಡತಿಗೆ ಡಾಕ್ಟರು ಬರೆದ ಸೌತೆಕಾಯಿ ಸಾಲು ಓದಿದೆ. ಏನೂ ಮಾತಾಡಲಿಲ್ಲ, ಎದ್ದು ಕೊಟ್ಟಿಗೆ ಕಡೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದು "ಇನ್ನೊಂದ್ಸಲ ಓದಿ" ಅಂದಳು.

ಅಡ್ಮಿಷನ್‌ಗೆ ದಿನ ಸಿಕ್ಕಿದೆ. ಅಮ್ಮನಿಗೆ ಬರೀ ಪರೀಕ್ಷೆ ಅಂತ ಹೇಳಿದ್ದೇನೆ. ಅದು ಸುಳ್ಳೂ ಅಲ್ಲವಲ್ಲ. ಒಂದೇ ಭಯ. ಎಡಗೈ ಬಗ್ಗೆ ಯಾರೂ ಖಡಕ್ ಹೇಳಿಲ್ಲ.


ಹಳೇ ಸ್ಟೆತ್ · ಬುಧವಾರ ಬೆಳಿಗ್ಗೆ 6.30

ಖಡಕ್ ಹೇಳಲು ಇಲ್ಲಿ ಕೂತವರಿಂದ ಆಗುವುದಿಲ್ಲ, ಅದಕ್ಕೇ ಹೇಳಿಲ್ಲ. ಆ ಕೆಟ್ಟ ತುಣುಕು ಮೆದುಳಿನಲ್ಲಿ ಕೈ ಆಡಿಸುವ ಪಟ್ಟಿಯ ಮೇಲೇ ಇದ್ದರೆ ಒಂದು ಮಾತು, ಅದರ ಮುಂದೆ ಇದ್ದರೆ ಇನ್ನೊಂದು. ಮುಂದಿನ ಭಾಗ ತೆಗೆದಾಗ ಕೆಲವರಿಗೆ ಎದುರು ಪಕ್ಕದ ಕೈಕಾಲು ಕೆಲವು ದಿನ ಅಲುಗುವುದೇ ಇಲ್ಲ. ತಂದೆ ತಾಯಿ ಎದೆ ಒಡೆದುಕೊಳ್ಳುತ್ತಾರೆ. ವಾರಗಳಲ್ಲಿ ಬಹುಪಾಲು ಮರಳಿ ಬರುತ್ತದೆ. ಫಂಕ್ಷನಲ್ ಎಂಆರ್‌ಐ ಮಾಡುತ್ತಾರಾ ಕೇಳಿ. ಬೆರಳು ಆಡಿಸಿ ಅನ್ನುತ್ತಾರೆ, ಆಗ ಮೆದುಳಿನಲ್ಲಿ ಯಾವ ಜಾಗ ಕೆಲಸ ಮಾಡುತ್ತದೆ ಅಂತ ಕಾಣುತ್ತದೆ.

ಇಂಥ ಆಪರೇಷನ್‌ನಲ್ಲಿ ಜೀವಕ್ಕೆ ಅಪಾಯ 100ಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ. ಮಾಡಿಸದೆ ಇದ್ದರೂ ಸೊನ್ನೆ ಅಲ್ಲ. ಹತೋಟಿಗೆ ಬಾರದ ಫಿಟ್ಸ್ ಇದ್ದವರು ನಿದ್ದೆಯಲ್ಲೇ ಹೋಗಿಬಿಡುವುದೂ ಉಂಟು. ಇದನ್ನು ಬರೆಯಲೋ ಬೇಡವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ಏಳು ವರ್ಷ ಬಳೆ ಸದ್ದಿಗೆ ಎದ್ದವರಿಗೆ ನಾನು ಹೊಸದಾಗಿ ಹೇಳಿದ ಹಾಗೇನೂ ಆಗಲಿಲ್ಲ ಅಂದುಕೊಳ್ಳುತ್ತೇನೆ.


ಹಾಳೆಟೋಪಿ · ಮೂರು ವಾರದ ನಂತರ, ಶನಿವಾರ ರಾತ್ರಿ 9.10

ವಾಪಸ್ ಬಂದೆವು. ಐದು ದಿನ ವಾರ್ಡಿನಲ್ಲಿದ್ದೆವು.

ಮೊದಲ ಎರಡು ರಾತ್ರಿ ಒಂದೂ ಬರಲಿಲ್ಲ! ಮನೆಯಲ್ಲಿ ದಿನಾ ಬರುವುದು, ಅಲ್ಲಿ ಕ್ಯಾಮೆರಾ ಎದುರು ಮಗು ಗಡದ್ದಾಗಿ ನಿದ್ದೆ. ನಾವೇ ಸುಳ್ಳು ಹೇಳಿದವರ ಥರ ಆಯಿತು. ಮಾತ್ರೆ ಇಳಿಸಿದ ಮೇಲೆ ಮೂರನೇ ರಾತ್ರಿ ಒಂಬತ್ತು ಬಂತು. ಬಳೆ ತೆಗೆಸಿದ್ದರು, ಸದ್ದು ಇಲ್ಲ. ಏಳು ವರ್ಷದ ಅಭ್ಯಾಸ ನೋಡಿ, ಸದ್ದಿಲ್ಲದೆ ನನಗೆ ನಿದ್ದೆಯೇ ಬರಲಿಲ್ಲ. ಪರದೆಯ ಗೆರೆಗಳನ್ನೇ ನೋಡುತ್ತ ಕೂತಿದ್ದೆ. ಕೈ ಏಳುವುದಕ್ಕೆ ಮೂರ್ನಾಲ್ಕು ಸೆಕೆಂಡ್ ಮುಂಚೆಯೇ ಗೆರೆ ಕೆರಳುತ್ತದೆ. ನಾಲ್ಕನೇ ಸಲಕ್ಕೆ ನನಗೇ ಗೊತ್ತಾಯಿತು, ಫಿಟ್ಸ್ ಬಂತು ಅಂತ ತಿಳಿಸುವ ಗುಂಡಿ ಒತ್ತಿದೆ, ಆಮೇಲೆ ಕೈ ಎದ್ದಿತು.

ಆಮೇಲೆ ಡಾಕ್ಟರುಗಳೆಲ್ಲ ಕೂತು ಚರ್ಚೆ ಮಾಡಿ ನಮ್ಮನ್ನು ಕರೆದರು. ಎಂಆರ್‌ಐ ತೋರಿಸಿದ ಜಾಗವೇ ಇಇಜಿಯಲ್ಲೂ ಬಂದಿದೆ. ಕೈಯ ಪಟ್ಟಿಗಿಂತ ಸ್ವಲ್ಪ ಮುಂದೆ ಇದೆ. ಪೂರ್ತಿ ತೆಗೆಯಬಹುದು ಅಂದರು. ಬೋರ್ಡೋ ಅವರ ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಓದಿದೆ. ದೊಡ್ಡ ಡಾಕ್ಟರು ನಕ್ಕು, "ಇದನ್ನು ಎಲ್ಲರೂ ಕೇಳಬೇಕು" ಅಂದು, 100ಕ್ಕೆ 70ರ ಆಸುಪಾಸು ಅಂತ ಹೇಳಿದರು. ಎಡಗೈ ಕೆಲವು ವಾರ ಸೋಲಬಹುದು, ಬಹುಪಾಲು ಬರುತ್ತದೆ, ಬೆರಳಿನ ಸೂಕ್ಷ್ಮ ಕೆಲಸದಲ್ಲಿ ಸ್ವಲ್ಪ ಕಡಿಮೆ ಉಳಿಯಬಹುದು ಅಂದರು. ಮಗಳನ್ನೂ ಕೂರಿಸಿಕೊಂಡು ಹೇಳಿದರು. ಅವಳು ಕೇಳಿದ್ದು, ಪರೀಕ್ಷೆಗೆ ಮುಂಚೆಯಾ ಆಮೇಲಾ ಅಂತ.

ಅಡಿಕೆ ಕೊನೆ ಕೊಯ್ಲು ಮುಗಿದ ಮೇಲೆ ಆಪರೇಷನ್‌ಗೆ ದಿನ ಕೊಡುತ್ತಾರೆ. ಈ ವರ್ಷ ಸುಲಿಯುವುದನ್ನು ಪೂರ್ತಿ ಯಂತ್ರಕ್ಕೆ ಕೊಟ್ಟುಬಿಡುತ್ತೇನೆ.

ಅಮ್ಮ ಇನ್ನೂ ಹೂಂ ಅಂದಿಲ್ಲ. ಆದರೆ ಹೊರಡುವ ದಿನ ನಮಗೆ ಗೊತ್ತಿಲ್ಲದ ಹಾಗೆ ಬ್ಯಾಗಿನ ತಳದಲ್ಲಿ ತಮ್ಮ ಹಿತ್ತಾಳೆ ಹಿಡಿಯ ಅಡಕತ್ತರಿ ಇಟ್ಟಿದ್ದರು. ಗೇಟಿನಲ್ಲಿ ಸೆಕ್ಯುರಿಟಿಯವನು ಬ್ಯಾಗ್ ಬಿಚ್ಚಿಸಿ, ಅದನ್ನು ತೆಗೆದಿಟ್ಟುಕೊಂಡ. ಗಡಿಬಿಡಿಯಲ್ಲಿ ವಾಪಸ್ ತರುವುದು ಮರೆತೆ. ಈಗ ದಿನಾ ಅದನ್ನೇ ಕೇಳುತ್ತಿದ್ದಾರೆ.


ಪೇಸ್ಟ್ ಹಚ್ಚುವವಳು · ಶನಿವಾರ ರಾತ್ರಿ 9.32

ಟೋಕನ್ ಕೊಟ್ಟಿದ್ದರೆ ಇಟ್ಟುಕೊಳ್ಳಿ ಅಣ್ಣ. ಅಂಥ ಸಾಮಾನೆಲ್ಲ ಒಂದು ಡಬ್ಬಕ್ಕೆ ಹಾಕಿರುತ್ತಾರೆ. ಮುಂದಿನ ಸಲ ಬಂದಾಗ ಗೇಟಿನಲ್ಲೇ ಕೇಳಿ. ನಮ್ಮ ಆಸ್ಪತ್ರೆಯ ಡಬ್ಬದಲ್ಲಿ ಸದ್ಯಕ್ಕೆ ಮೂರು ಅಡಕತ್ತರಿ, ಒಂದು ಬೀಗದ ಕೈ ಗೊಂಚಲು ಇದೆ.